ಮಾವನವರ ಕೈಯಲ್ಲಿದ್ದ ಎಲೆಗಳು

ಇಸ್ಪೀಟಿನ ಜಾದೂ ಅಂದರೆ ಕೈಚಳಕ ಅಂತ ಎಲ್ಲರೂ ತಿಳಿದಿರುತ್ತಾರೆ. ನನ್ನ ಕೈಯಲ್ಲಿ ಚಳಕವೂ ಇರಲಿಲ್ಲ, ಗಿಳಕವೂ ಇರಲಿಲ್ಲ. ಎಲೆ ಕಲಸಲು ಹೋದರೆ ಅರ್ಧ ನೆಲದ ಮೇಲೆ! ನನಗಿದ್ದದ್ದು ಸಣ್ಣ ನಿಬ್ಬಿನ ಒಂದು ಟಾಕು, ನೀರು ಬೆರೆಸಿದ ನೀಲಿ ಶಾಯಿ, ಮತ್ತು ರವಿವಾರದ ಪುರಸತ್ತು. ಎಲೆಗಳ ಬೆನ್ನ ಮೇಲೆ ನೀಲಿ ಬಳ್ಳಿ ಅಚ್ಚಾಗಿರುತ್ತಿತ್ತು, ಮೂಲೆಯಲ್ಲೊಂದು ಹೂವು. ಆ ಹೂವಿನ ಒಂದು ದಳಕ್ಕೆ ಶಾಯಿ ತುಂಬಿದರೆ ರಾಜ, ಪಕ್ಕದ ದಳಕ್ಕೆ ತುಂಬಿದರೆ ರಾಣಿ. ಬಳ್ಳಿಯ ಮೇಲೊಂದು ಚುಕ್ಕೆ ಇಟ್ಟರೆ ಆಟೀನೋ ಕಳಾವರವೋ ತಿಳಿಯುತ್ತಿತ್ತು. ಹೀಗೆ ಪ್ರತಿಯೊಂದು ಎಲೆಗೂ ಒಂದು ಗುರುತು; ಗೊತ್ತಿಲ್ಲದವರಿಗೆ ಅದು ಬರೀ ಬಳ್ಳಿ. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಗಣಪತಿ ಕೂಡಿಸಿದಾಗ ನಾನು ದೂರ ನಿಂತು, ಸಾಹೇಬರ ಕೈಯಲ್ಲಿದ್ದ ಎಲೆ ಯಾವುದೆಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ಈ ಚಪ್ಪಾಳೆಯ ಸದ್ದು ಧಾರವಾಡದ ಮಾಳಮಡ್ಡಿಯವರೆಗೂ ಮುಟ್ಟಿತ್ತು ಅಂತ ಗೊತ್ತಾದದ್ದು ನನ್ನ ಮದುವೆಯ ಮಾತುಕತೆಯಲ್ಲಿ. ನನ್ನ ಮಾವನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಜೂಜಿನ ಖಟ್ಲೆಗಳಲ್ಲಿ ಗುರುತು ಹಾಕಿದ ಎಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟದ್ದನ್ನು ಕಣ್ಣಾರೆ ಕಂಡವರು. “ಇಸ್ಪೀಟ್ ಹಿಡಿಯೋ ಕೈಗೆ ಮಗಳನ್ನ ಹೆಂಗ ಕೊಡೂದು?” ಅಂದರಂತೆ. ಅತ್ತೆಯವರು ಹಟ ಹಿಡಿದದ್ದಕ್ಕೆ ಲಗ್ನವಾಯಿತು. ಆದರೆ ಮಾವನವರು ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಲಿಲ್ಲ. ನಾನು ಎದುರಿಗೇ ಕುಳಿತಿದ್ದರೂ ಮಗಳ ಕಡೆ ತಿರುಗಿ, “ಅವರಿಗೆ ಚಾ ಬೇಕೇನು ಕೇಳವಾ” ಅನ್ನುತ್ತಿದ್ದರು. ನನಗೇನು ಕಿವಿ ಇರಲಿಲ್ಲವೇ? ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯ ಸಣ್ಣಗಾದ ಮುಖ ನೋಡಿ, ನಾನೂ ಅವಳ ಕಡೆಗೇ ತಿರುಗಿ ‘ಬೇಕು’ ಅನ್ನುತ್ತಿದ್ದೆ.

ಲಗ್ನವಾದ ಮೊದಲ ದೀಪಾವಳಿಗೆ ಕರೆದರು. ಆ ಮನೆಯಲ್ಲಿ ವರ್ಷಕ್ಕೊಮ್ಮೆ, ಪಾಡ್ಯದ ದಿನ ಮಾತ್ರ, ಇಸ್ಪೀಟು ಆಡುವ ರೂಢಿ. ಹೋಳಿಗೆ ಉಂಡು ಚಾಪೆ ಹಾಸಿ ನೋಡಿದರೆ ಮನೆಯ ಎಲೆಗಳನ್ನು ಇಲಿ ಕಡಿದು ಹಾಕಿತ್ತು.

“ಅದಕ್ಯಾಕ ಚಿಂತಿ? ಇವರ ಟ್ರಂಕಿನ್ಯಾಗ ಒಂದು ಕಟ್ಟು ಐತಲ್ಲ” ಅಂದಳು ನನ್ನ ಹೆಂಡತಿ. ನಾನು ಬಾಯಿ ತೆರೆಯುವುದರೊಳಗೆ ತಂದೂಬಿಟ್ಟಳು. ಅವಳಿಗೇನು ಗೊತ್ತು ಪಾಪ! ಜಾದೂದ ಗುಟ್ಟು ಅಂತ ಅವಳಿಗೂ ನಾನು ಹೇಳಿರಲಿಲ್ಲ. ಗುರುತಿನ ಎಲೆ ಅಂತ ಮಾವನವರಿಗೆ ತಿಳಿದರೆ ಮುಗಿಯಿತು, ನಾನು ಜಾದೂಗಾರನಲ್ಲ, ಮೋಸಗಾರ. ಆ ಮಾತನ್ನು ಹೆಂಡತಿ ಜೀವಮಾನವಿಡೀ ಕೇಳಬೇಕು.

ಮಾವ, ನಾನು, ಅತ್ತೆ ಆಡಲು ಕುಳಿತೆವು. ರಮ್ಮಿ. ಒಂದು ಎಲೆ ಎತ್ತಿಕೊಂಡು ಒಂದು ಎಲೆ ಬಿಡುತ್ತ ಹೋಗಬೇಕು, ಕೈಯಲ್ಲಿನ ಎಲೆಗಳೆಲ್ಲ ಮೊದಲು ಯಾರಿಗೆ ಕೂಡುತ್ತವೋ ಅವರು ಕೆಳಗಿಟ್ಟು ಗೆಲ್ಲಬೇಕು. ಮಾವನವರು ಎದುರಿಗೇ ಎಲೆಗಳನ್ನು ಎತ್ತಿ ಹಿಡಿದಿದ್ದರು. ನೋಡಬಾರದು ನೋಡಬಾರದು ಅಂತ ಗೋಡೆ ನೋಡಿದೆ, ಮಾಡು ನೋಡಿದೆ. ಹಾಳಾದ ಕಣ್ಣು, ರೂಢಿಯಾದದ್ದು, ಹೊರಳಿ ಆ ಹೂವುಗಳ ಮೇಲೇ ಬಂದು ಕೂಡುತ್ತಿತ್ತು. ಅವರ ಕೈ ಪೂರ್ತಿ ಕಾಣುತ್ತಿತ್ತು. ಹೀಗೆ ಗೆದ್ದರೆ ಅದು ಕಳ್ಳತನವೇ ಸರಿ. ಸೋತುಬಿಡೋಣ ಅಂದುಕೊಂಡೆ. ಕೂಡಿದ್ದ ರಾಣಿಯರನ್ನು ಒಡೆದು ಒಬ್ಬೊಬ್ಬಳನ್ನೇ ಹೊರಗೆ ಹಾಕಿದೆ. ಮಾವನವರು ಗೆದ್ದರು.

ಅತ್ತೆಯವರ ಮುಖ ಬಾಡಿತು. ಹೆಂಡತಿ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದಳು: “ಮೊದಲ ಪಾಡ್ಯಕ್ಕ ಅಳಿಯ ಗೆದ್ರ ಮಗಳ ಸಂಸಾರ ಛಲೋ ಆಗ್ತದ ಅಂತ ಅವ್ವನ ನಂಬಿಕಿರಿ. ಅಪ್ಪಗ ಅದರಾಗೆಲ್ಲ ನಂಬಿಕಿ ಇಲ್ಲ. ಅವರು ಯಾರಿಗೂ ಸೋತವರಲ್ಲ, ನಮ್ಮ ಅಕ್ಕನ ಗಂಡಗೂ ಬಿಟ್ಟುಕೊಡಲಿಲ್ಲ.”

ಅಯ್ಯೋ ನನ್ನ ಗ್ರಹಚಾರವೇ! ಗೆದ್ದರೆ ಮೋಸ, ಸೋತರೆ ಅಪಶಕುನ.

“ಒಂದ್ ಆಟಕ್ಕ ಏನಾತು? ಇನ್ನೊಂದು ಹಾಕೂಣು” ಅಂದರು ಅತ್ತೆ. ಮಾವನವರು ಎಲೆ ಕಲಸುತ್ತ ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮಗಳಿಗೆ ಹೇಳಿದರು: “ನಿನ್ನ ಗಂಡ ಕೂಡಿದ ರಾಣಿ ಒಡದ್ ಒಗದರವಾ. ನಾ ನೋಡೇನಿ. ಹಿರೇರ ಮುಂದ ಹೆಂಗಿರಬೇಕು ಅನ್ನೂದು ತಿಳೀತದ ಅವರಿಗೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಸೋತದ್ದು ಹೆದರಿಕೆಗೆ, ಅವರು ಅದನ್ನು ಮರ್ಯಾದೆ ಅಂತ ತಿಳಿದಿದ್ದರು.

ಎರಡನೆಯ ಆಟದಲ್ಲಿ ಮಾವನವರು ಬಿಟ್ಟ ಆಟೀನಿನ ರಾಣಿಯನ್ನು ನಾನು ಅವರೆದುರೇ ಎತ್ತಿಕೊಂಡೆ. ಕೈಯಲ್ಲಿ ಅದರ ಗುಲಾಮ ಇತ್ತು. ರಾಜ ಒಂದು ಬಂದರೆ ನನ್ನ ಕೈ ಕೂಡುತ್ತಿತ್ತು. ಆ ರಾಜ ಎಲ್ಲಿದೆ ಅಂತ ನಾನು ಹುಡುಕಬೇಕಾಗಿರಲಿಲ್ಲ. ಮಾವನವರ ಕೈಯಲ್ಲಿ ಮೂರು ರಾಜರು ಒತ್ತಾಗಿ ಕುಳಿತಿದ್ದರು, ನಡುವಿನದೇ ಆಟೀನಿನದು. ಅಷ್ಟರಲ್ಲಿ ಅವರು ಒಂದು ಎಲೆ ಎಳೆದರು. ಅದರ ಬೆನ್ನು ನೋಡಿದೆ. ಮುಗಿಯಿತು, ಅವರ ಕೈ ಪೂರ್ತಿ ಕೂಡಿತ್ತು. ಬೇಡವಾದ ಒಂದು ಎಲೆ ಒಗೆದು ಕೆಳಗಿಟ್ಟರಾಯಿತು, ಆಟ ಅವರದು.

ಮಾವನವರು ಕೆಳಗಿಡಲಿಲ್ಲ. ಎಲೆಗಳನ್ನು ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ಆ ಮೂರರ ನಡುವಿನಿಂದ ಆಟೀನಿನ ರಾಜನನ್ನು ಕಿತ್ತು ನನ್ನ ಮುಂದೆ ಹಾಕಿದರು. ಹಾಕಿ, ಏನೂ ಅರಿಯದವರಂತೆ ಅಡಕೆ ಬಾಯಿಗೆ ಹಾಕಿಕೊಂಡರು.

ಆ ಎಲೆ ಎತ್ತಿಕೊಂಡೆ. ಜೋಡಿಸಿ ಕೆಳಗಿಟ್ಟೆ. ಅತ್ತೆಯವರು “ಗೆದ್ರು! ಅಳಿಯಾರು ಗೆದ್ರು!” ಅಂತ ಕೈ ತಟ್ಟಿ ಎದ್ದೇಬಿಟ್ಟರು. ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಷ್ಟು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದ ಭಾರ ಇಳಿದು ನನಗೆ ಸರಾಗವಾಗಿ ಉಸಿರು ಬಂತು.

ಮಾವನವರು ತಮ್ಮ ಎಲೆಗಳನ್ನು ಯಾರೂ ನೋಡದಂತೆ ಲಗುಬಗೆಯಿಂದ ಉಳಿದವುಗಳಲ್ಲಿ ಬೆರೆಸಿದರು. ನನ್ನ ಕಡೆ ತಿರುಗಿದರು. ಮಗಳ ಕಡೆಗಲ್ಲ, ನನ್ನ ಕಡೆಗೇ.

“ನನಗ ಏನೂ ಕೂಡ್ಲೇ ಇಲ್ಲ ನೋಡ್ರಿ, ಅಳಿಯಾರ” ಅಂದರು.

“ಹೌದ್ರಿ ಮಾವಾರ” ಅಂದೆ.