ಬೆಕ್ಕಿಗೆ ಸೀರಣಿಗೆ

ಸುಬ್ರಹ್ಮಣ್ಯಪುರದಲ್ಲಿ ಸೊಣ್ಣಮ್ಮನ ಹೊಲ ಲೇಔಟಾಗಿ, ಕೊಟ್ಟಿಗೆಯ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದವು. ಸಗಣಿ ಬಾಚುವುದು ತಪ್ಪಿತು ಅಂದುಕೊಳ್ಳುವಷ್ಟರಲ್ಲಿ ಗಂಡ ರಾಮಯ್ಯ ಗೇಟಿನ ಬಳಿ ಸಿಕ್ಕ ಬೆಕ್ಕಿನ ಮರಿಯೊಂದನ್ನು ಎತ್ತಿಕೊಂಡು ಬಂದ. ತೊಡೆಯ ಮೇಲಿಟ್ಟುಕೊಂಡು ಹಾಲು ಕುಡಿಸುವವನು ಅವನು. ಅದು ಸೋಫಾದ ಹಿಂದೆ ಮಾಡಿದ್ದನ್ನು ಒರೆಸುವವಳು ಸೊಣ್ಣಮ್ಮ. ‘ರಾಮಯ್ಯನೋರಿಗೆ ಪ್ರಾಣಿ ಅಂದ್ರೆ ಪ್ರಾಣ’ ಎಂದು ಬಂದವರೆಲ್ಲ ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ಏಳು ವರ್ಷದ ಮೊಮ್ಮಗಳು ತೇಜಸ್ವಿನಿಯ ಬಲಗಣ್ಣು ಕೆಂಪಾಗಿತ್ತು.

‘ಮದ್ರಾಸ್ ಐ ಕಣೇ. ಕಪ್ಪು ಕನ್ನಡಕ ಹಾಕು, ಸರಿಹೋಯ್ತದೆ’ ಎಂದ ರಾಮಯ್ಯ.

ವಾರವಾದರೂ ಸರಿಹೋಗಲಿಲ್ಲ. ಜಡೆ ಹಾಕುವಾಗ ಮಗುವಿನ ಕಿವಿಯ ಮುಂದೆ ಗಂಟೊಂದು ಸೊಣ್ಣಮ್ಮನ ಬೆರಳಿಗೆ ತಾಗಿತು. ಮಗು ಚೀರಿತು. ಕಣ್ಣೇ ಹೋಗಿಬಿಟ್ಟರೆ? ಸೊಣ್ಣಮ್ಮ ಒಲೆ ಆರಿಸಿ, ಕೆಲಸಕ್ಕೆ ಹೋಗಿದ್ದ ಮಗ-ಸೊಸೆಗೆ ಫೋನ್ ಮಾಡಿ, ಗಂಡನನ್ನೂ ಹೊರಡಿಸಿಕೊಂಡು ಜಯನಗರದ ಕಣ್ಣಿನ ಡಾಕ್ಟರ ಬಳಿಗೆ ಆಟೋ ಹತ್ತಿದಳು.

ಡಾಕ್ಟರಮ್ಮ ರೆಪ್ಪೆ ಮಗುಚಿ ನೋಡಿ, ಗಂಟು ಮುಟ್ಟಿ, ‘ಮನೇಲಿ ಬೆಕ್ಕಿದೆಯಾ?’ ಎಂದರು.

‘ಇಲ್ಲ ಮೇಡಂ.’ ಬೆಕ್ಕನ್ನು ಬಿಟ್ಟುಬಿಡಿ ಅಂದಾರೆಂದು ರಾಮಯ್ಯನಿಗೆ ಭಯ.

‘ಐತೆ ಮೇಡಂ!’ ಎಂದಳು ಸೊಣ್ಣಮ್ಮ. ‘ಇವ್ರ ಪಂಚೆ ಮೇಲಿರೋ ಕೂದಲು ನೋಡಿ. ಸಾಕೋರು ಇವ್ರು, ಒರೆಸೋಳು ನಾನು. ಹೋದ ತಿಂಗ್ಳು ಮಗೂನ ಪರಚೈತೆ.’

ಡಾಕ್ಟರಮ್ಮನಿಗೆ ನಗು ಬಂತು. ಚಿಗಟಗಳಿಂದ ಬೆಕ್ಕಿಗೆ ಬರುವ ರೋಗಾಣು ಅದರ ಉಗುರಿಗೂ ಹತ್ತಿ, ಪರಚಿದಾಗ ಮಕ್ಕಳಿಗೆ ಅಂಟುತ್ತದಂತೆ. ಬೆಕ್ಕನ್ನು ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿದರೂ ಬರಬಹುದಂತೆ. ಕೆಲವು ಮಕ್ಕಳಿಗೆ ಕಣ್ಣಿನ ಹಿಂಭಾಗ ಊದಿಕೊಂಡು ದೃಷ್ಟಿ ಮಂಕಾಗುವುದೂ ಉಂಟಂತೆ. ಅದನ್ನು ನೋಡಲೆಂದು ಅವರು ಡ್ರಾಪ್ಸ್ ಹಾಕಿ, ದೀಪ ಹಿಡಿದು ಬಗ್ಗಿದರು.

‘ಒಳಗೇನೂ ಆಗಿಲ್ಲಮ್ಮ. ಔಷಧಿ ಕೊಡ್ತೀನಿ, ಗುಣವಾಗುತ್ತೆ. ಬೆಕ್ಕನ್ನ ಓಡಿಸೋದು ಬೇಡ. ಪಶುವೈದ್ಯರಿಗೆ ತೋರಿಸಿ, ಚಿಗಟ ತೆಗೀರಿ, ಉಗುರು ಕತ್ತರಿಸಿ, ಮುಟ್ಟಿದ್ಮೇಲೆ ಕೈ ತೊಳ್ಕೊಳ್ಳಿ.’

‘ಕೇಳಿಸ್ಕೊಂಡ್ಯೇನೇ?’ ಎಂದು ರಾಮಯ್ಯ ಹೆಂಡತಿಯ ಕಡೆ ತಿರುಗಿದ.

‘ನಾನ್ಯಾಕೆ ಕೇಳಿಸ್ಕೊಳ್ಳಲಿ? ಕಣ್ಣಿನ ಔಷಧಿ ನಂದು. ಬೆಕ್ಕು ನಿಮ್ದು.’

ಕೆಲವು ವಾರಗಳಲ್ಲಿ ಕಣ್ಣು ತಿಳಿಯಾಯಿತು, ಗಂಟೂ ಕರಗಿತು. ಈಗ ದಿನಾ ಬೆಳಿಗ್ಗೆ ರಾಮಯ್ಯ ಜಗಲಿಯಲ್ಲಿ ಕೂತು, ಹೇನು ತೆಗೆಯುವ ಸೀರಣಿಗೆಯಲ್ಲಿ ಬೆಕ್ಕಿನ ಮೈ ಬಾಚಿ ಚಿಗಟ ತೆಗೆಯುತ್ತಾನೆ.

‘ಅಂಕಲ್, ಅದು ಮುಗಿದ್ಮೇಲೆ ನಮ್ಮ ಹುಡುಗೀರ ತಲೇನೂ ಸ್ವಲ್ಪ ನೋಡ್ಬಿಡಿ’ ಎಂದು ಮೇಲಿನ ಮನೆಯ ರೇಖಾ ಛೇಡಿಸಿದಳು.

‘ಎಲ್ಲಾ ತೆಗೆದಾಯ್ತಮ್ಮ’ ಎಂದು ಅವನು ಏಳಹೊರಟ.

ಮೆಟ್ಟಿಲ ಮೇಲೆ ತುಸು ದೂರ ಕೂತು ದೋಸೆ ತಿನ್ನುತ್ತಿದ್ದ ತೇಜಸ್ವಿನಿ ಕೂಗಿದಳು: ‘ತಾತ, ಬಾಲದ ಹತ್ರ ಇನ್ನೊಂದೈತೆ!’

ಒಳಗಿದ್ದ ಸೊಣ್ಣಮ್ಮ ಕಾವಲಿಗೆ ಇನ್ನೊಂದು ದೋಸೆ ಹುಯ್ದು, ಜೋರಾಗಿ ನಕ್ಕಳು.