ಎರಡು ಗಂಟೆಯ ಮೆಸ್ನಾ

1998ರಲ್ಲಿ ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಖಾಸಗಿ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಉಪ್ಪಿನಬೆಟಗೇರಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಶಾಂತವ್ವ ತೊಡೆಯ ಗಡ್ಡೆಗೆ ಆಪರೇಷನ್ ಮಾಡಿಸಿಕೊಂಡು, ಕಿಮೋಥೆರಪಿಯ ಮೊದಲ ಸುತ್ತಿಗೆ ಬಂದಿದ್ದಳು. ವಯಸ್ಸು ಮೂವತ್ತನಾಲ್ಕು.

ಅವಳಿಗೆ ಕೊಡಬೇಕಿದ್ದ ಔಷಧ ಐಫೋಸ್ಫಮೈಡ್. ಅದು ದೇಹದೊಳಗೆ ಒಡೆದಾಗ ಹುಟ್ಟುವ ವಿಷ ಮೂತ್ರಕೋಶದ ಒಳಪದರವನ್ನು ಸುಡುತ್ತದೆ. ಆ ವಿಷವನ್ನು ಹಿಡಿದು ನಿರಪಾಯ ಮಾಡುವುದು ಮೆಸ್ನಾ ಎಂಬ ಇಂಜೆಕ್ಷನ್. ದಿನಕ್ಕೆ ಮೂರು ಸಲ: ಬೆಳಿಗ್ಗೆ ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು.

ಎರಡು ಗಂಟೆಗೇ ನಮ್ಮ ಡ್ಯೂಟಿ ಬದಲಾಗುತ್ತಿತ್ತು. ಹೋಗುವ ಅವಸರದಲ್ಲಿ ಆ ಹೊತ್ತಿನ ಔಷಧಗಳಿಗೂ ಮೊದಲೇ ಸಹಿ ಹಾಕಿಬಿಡುವುದು ವಾರ್ಡಿನ ರೂಢಿ. ನಾನೂ ಹಾಕಿದೆ, ಮುಂದಿನವಳು ಕೊಡುತ್ತಾಳೆಂದು. ಸಹಿ ನೋಡಿದ ಅವಳು ನಾನು ಕೊಟ್ಟಿದ್ದೇನೆಂದು ತಿಳಿದಳು.

ಮರುದಿನ ಬೆಳಿಗ್ಗೆ ಶಾಂತವ್ವ ಹೇಳಿದಳು: "ನಿನ್ನಿ ಮಧ್ಯಾಹ್ನದ ಸೂಜಿ ಬರಲಿಲ್ರಿ ಸಿಸ್ಟರ್. ಮೂರ ಸಲ ಕೊಡ್ತೀವಿ ಅಂದಿದ್ರಿ."

ನಾನು ಚಾರ್ಟ್ ತೋರಿಸಿದೆ. "ಇಲ್ನೋಡ್ರಿ, ಸಹಿ ಐತಿ. ಕೊಟ್ಟಾರ. ನಿಮಗ ನಿದ್ದಿ ಹತ್ತಿತ್ತೇನೋ."

ಅದು ನನ್ನದೇ ಸಹಿ. ಅವಳಿಗೆ ಓದಲು ಬರುತ್ತಿರಲಿಲ್ಲ, ನನ್ನ ಮಾತನ್ನೇ ನಂಬಿದಳು. ಆ ಮಧ್ಯಾಹ್ನವೂ ಹಾಗೇ ಆಯಿತು.

ಮೂರನೆಯ ದಿನ ಅವಳ ಮೂತ್ರ ಕೆಂಪಗಿತ್ತು. ಆಮೇಲೆ ರಕ್ತದ ಗರಣೆಗಳು ಬಂದವು. ನೋವಿಗೆ ಮಂಚದ ಸರಳು ಹಿಡಿದು ಒದ್ದಾಡಿದಳು. ಔಷಧದ ಟ್ರೇ ತೆಗೆದು ನೋಡಿದೆ. ಎರಡು ಮಧ್ಯಾಹ್ನಗಳ ಮೆಸ್ನಾ ಸೀಸೆಗಳು ಒಡೆಯದೇ ಕೂತಿದ್ದವು. ನಡೆದದ್ದನ್ನು ಡಾಕ್ಟರಿಗೆ ಹೇಳಿದೆ.

"ಈ ಔಷಧದಾಗ ಹಿಂಗ ಆಗೂದು ಗೊತ್ತಿದ್ದದ್ದ. ಕೇಸ್ ಶೀಟಿನ್ಯಾಗ ಅಷ್ಟ ಬರೀರಿ," ಎಂದರು.

ಬರೆದೆ. ಕಿಮೋ ನಿಲ್ಲಿಸಿ, ಎಂಟು ದಿನ ನಳಿಕೆ ಹಾಕಿ ಮೂತ್ರಕೋಶ ತೊಳೆದೆವು. ರಕ್ತ ನಿಂತಿತು. ಮನೆಗೆ ಹೊರಟಾಗ ಶಾಂತವ್ವ ನನ್ನ ಕೈ ಹಿಡಿದುಕೊಂಡಳು. "ನೀವು ಭಾಳ ಮಾಡಿದ್ರಿ ಸಿಸ್ಟರ್. ಆದ್ರ ಆ ಔಷಧ ನನಗ ಆಗೂದಿಲ್ಲ. ಇನ್ನ ನಾ ಬರಂಗಿಲ್ರಿ."

ತಪ್ಪು ಔಷಧದ್ದಲ್ಲ, ನನ್ನದು ಎಂದು ಆಗ ಹೇಳಬಹುದಿತ್ತು. ಹೇಳಿದ್ದರೆ ಉಳಿದ ಸುತ್ತುಗಳಿಗೆ ಬರುತ್ತಿದ್ದಳೋ ಏನೋ. ಹೇಳಲಿಲ್ಲ. ಅವಳು ಮತ್ತೆ ಬರಲಿಲ್ಲ. ಒಂದೂವರೆ ವರ್ಷದ ನಂತರ, ಗಡ್ಡೆ ಶ್ವಾಸಕೋಶಕ್ಕೆ ಹರಡಿ ತೀರಿಕೊಂಡಳೆಂದು ಅವರ ಊರಿನವರಿಂದ ತಿಳಿಯಿತು.

ಮುಂದೆ ಧಾರವಾಡದಲ್ಲಿ ನರ್ಸಿಂಗ್ ಕಲಿಸುವಾಗ ಪ್ರತಿ ಬ್ಯಾಚಿಗೂ ಹೇಳಿದೆ: ಕೊಟ್ಟ ಮೇಲೆ ಸಹಿ ಹಾಕಿರಿ, ಸೂಜಿ ಬಂದಿಲ್ಲ ಎಂದು ರೋಗಿ ಹೇಳಿದರೆ ಕಾಗದ ನೋಡಬೇಡಿ, ಟ್ರೇ ನೋಡಿರಿ. ಶಾಂತವ್ವನ ವಿಷಯವನ್ನೂ ಹೇಳುತ್ತಿದ್ದೆ. ಆ ನರ್ಸ್ ಯಾರೆಂದು ಕೇಳಿದವರಿಗೆ, ಬೇರೆ ಊರಿನವಳು ಎನ್ನುತ್ತಿದ್ದೆ.