ಸಭೆಗೆ ಯಾರು ಬಂದಿಲ್ಲ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲ ಬಂಡೆಗಳ ಮೇಲೆ ಬಗ್ಗಿ ಚಿಪ್ಪು ಕೀಳುತ್ತಿರುವ ಅಜ್ಜಿಯ ಹಿಂದೆ ಬುಟ್ಟಿ ಹೊತ್ತು ನಿಂತಿರುವವರು ಕಡಲ ಸಂಶೋಧಕಿ. ಡಾಕ್ಟರೇಟ್ ಮುಗಿಸಿ ಇನ್ನೂ ಎರಡು ವರ್ಷ. ಪತ್ರಿಕೆಯಿಂದ ನಾನು ಬರುತ್ತೇನೆಂದು ಹೂಡಿದ ನಾಟಕವಿರಬಹುದೇ ಎಂದು ನನಗೆ ಗುಮಾನಿ. ಎಲೆಮರೆಯ ಕಾಯಿಗಳ ಬಗ್ಗೆ ಬರೆಯಲು ಹೋದಾಗ ನನಗೆ ಯಾವಾಗಲೂ ಈ ಗುಮಾನಿಯೇ.

"ನಾಟಕ ಅಲ್ಲ, ದಿನಾ ಬರ್ತಾಳೆ. ಬಂದ್ರೂ ಒಂದು ಪ್ರಶ್ನೆ ಕೇಳಲ್ಲ. ಅದಕ್ಕೇ ನಂಗೂ ಅನುಮಾನ," ಎನ್ನುತ್ತಾರೆ ಅಜ್ಜಿ, ಆಕೆಗೂ ಕೇಳಿಸುವಂತೆ.

ಸಂಶೋಧಕಿಯ ಕೆಲಸವೇ ಎಡಬಿಡಂಗಿ. ಕಡಲಜೀವಿಗಳ ವಿಜ್ಞಾನ, ದಡದವರ ಅನುಭವ, ಸರ್ಕಾರದ ಕಾನೂನು, ಮೂರನ್ನೂ ಒಂದೇ ಮೇಜಿಗೆ ತರಬೇಕು. ವಿಜ್ಞಾನಿಗಳು "ನಮ್ಮವಳಲ್ಲ" ಎಂದರೆ, ಸಮಾಜಶಾಸ್ತ್ರದವರು "ಅವರ ಕಡೆಯವಳು" ಎಂದು ಕೈತೊಳೆದುಕೊಳ್ಳುತ್ತಾರೆ. ಹೊಲಿಗೆ ಅಂಗಡಿ ನಡೆಸುವ ಈಕೆಯ ಅಮ್ಮನಿಗೂ ನಂಬಿಕೆ ಅಷ್ಟಕ್ಕಷ್ಟೇ: "ಡಾಕ್ಟರ್ ಅಂತಾಳೆ, ಒಂದು ಇಂಜೆಕ್ಷನ್ ಕೊಡಕ್ಕೆ ಬರಲ್ಲ!"

ಎಡವಿದ್ದು ಮೊದಲ ವರ್ಷವೇ. ಮೀನು ಮೊಟ್ಟೆಯಿಡುವ ಜಾಗದಲ್ಲಿ ಯಾರೂ ಏನನ್ನೂ ಹಿಡಿಯದಂತೆ ನಿಷೇಧ ಹಾಕಬೇಕಿತ್ತು. ಆ ಜಾಗ ಎಲ್ಲಿ ಎಂದು ಕೇಳಲು ದೋಣಿಯವರನ್ನೆಲ್ಲ ಒಂದೇ ಸಭೆಗೆ ಕರೆದರು. ಅಲ್ಲಾ, ಒಬ್ಬ ದೋಣಿಯವನು ಇನ್ನೊಬ್ಬನ ಎದುರಿಗೆ ತನ್ನ ಮೀನಿನ ಜಾಗದ ಬಗ್ಗೆ ಬಾಯಿ ಬಿಡುತ್ತಾನೆಯೇ? ಎಲ್ಲರೂ ಒಕ್ಕೊರಲಿನಿಂದ ದೋಣಿಯೇ ಹೋಗದ ಈ ಬಂಡೆಗಳತ್ತ ಬೆರಳು ತೋರಿಸಿದರು. ಸಂಶೋಧಕಿ ಅದನ್ನೇ ನಂಬಿ, ಹಿಗ್ಗಿ ವರದಿ ಬರೆದರು. ಚಿಪ್ಪು ಕೀಳುವ ಹೆಂಗಸರನ್ನು ಸಭೆಗೆ ಯಾರೂ ಕರೆದಿರಲಿಲ್ಲ. ಈಗ ನಿಷೇಧ ಬೀಳಲಿರುವುದು ಇದೇ ಬಂಡೆಗಳ ಮೇಲೆ. ಬಿದ್ದರೆ ಅಜ್ಜಿಯ ಹೊಟ್ಟೆಪಾಡು ಮುಗಿಯಿತು.

"ತಪ್ಪು ನಂದು ಅಂತ ಅವಳೇ ಬಂದು ಹೇಳಿದ್ಲು. ಅವತ್ತಿಂದ ಬುಟ್ಟಿ ಹೊರಿಸ್ತಿದೀನಿ," ಎಂದು ಅಜ್ಜಿ ಮೂತಿ ತಿರುವುತ್ತಾರೆ.

ಇವತ್ತು ನಿಷೇಧ ತೀರ್ಮಾನಿಸುವ ಸಮಿತಿಯ ಕೊನೆಯ ಸಭೆ. ತನ್ನ ವರದಿಯೇ ತಪ್ಪೆಂದು ಸಂಶೋಧಕಿ ಅಲ್ಲಿ ಎದ್ದು ನಿಂತು ಹೇಳಬೇಕು. ಹೇಳಿದರೆ ನೌಕರಿ ಉಳಿಯುವುದು ಕಷ್ಟ. ಸುಮ್ಮನಿದ್ದರೆ ಒಳ್ಳೆಯದೆಂದು ಮೇಲಿನವರು ನಗುನಗುತ್ತಲೇ ಹೇಳಿಯಾಗಿದೆ. ಕೊನೆ ಗಳಿಗೆಯಲ್ಲಿ ಈಕೆಯ ನಾಲಿಗೆ ಹೊರಳಿದರೆ? ನನಗಂತೂ ಭರವಸೆಯಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಏನು ಹೇಳುತ್ತೀರಿ ಎಂದು ಸಂಶೋಧಕಿಯನ್ನು ಕೇಳುತ್ತೇನೆ.

"ಎಲ್ರೂ ಹೂಂ ಅಂದ್ರೆ ಅನುಮಾನ ಪಡಿ. ಸಭೇಲಿ ಯಾರಿದಾರೆ ಅನ್ನೋದು ಆಮೇಲೆ, ಯಾರಿಲ್ಲ ಅಂತ ಮೊದಲು ನೋಡಿ. ತಪ್ಪಾದ್ರೆ ಅದೇ ಜಾಗಕ್ಕೆ ವಾಪಸ್ ಹೋಗಿ ಬೈಸ್ಕೊಳ್ಳಿ. ಪ್ರಶ್ನೆ ಕೇಳೋಕೆ ಅವಸರ ಮಾಡ್ಬೇಡಿ."

ಬುಟ್ಟಿ ತುಂಬಿದೆ. ಅಜ್ಜಿ ಚಾಕು ಒರೆಸಿ ಸೊಂಟಕ್ಕೆ ಸಿಕ್ಕಿಸುತ್ತಾರೆ. "ನಾನೂ ಬರ್ತೀನಿ ಆ ಸಭೆಗೆ."

"ಅಂತೂ ನಂಬಿಕೆ ಬಂತಾ ಅಜ್ಜಿ?" ಎನ್ನುತ್ತೇನೆ.

"ಎಲ್ಲಿಂದ! ಅಲ್ಲಿ ಹೋಗಿ ಏನು ಹೇಳ್ತಾಳೋ, ಕಿವಿಯಾರೆ ಕೇಳ್ಬೇಡ್ವಾ?"

ಸಂಶೋಧಕಿ ಬುಟ್ಟಿ ಕೆಳಗಿಡುತ್ತಾರೆ. ಕಣ್ಣು ತುಂಬಿದೆ. "ಬನ್ನಿ ಅಜ್ಜಿ, ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ನಾನು ತಡವರಿಸಿದ್ರೆ ಬಿಡ್ಬೇಡಿ."